ಪರದೆಯ ಮೇಲಿನ ಹರಟೆ

ಆಫೀಸಿನ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ನರೆಗೂದಲಿನ ಪ್ರೋಗ್ರಾಮರ್ ಒಬ್ಬರು, ಪಕ್ಕದಲ್ಲಿ ಅವರ ಕಿರಿಯ ಸಹೋದ್ಯೋಗಿ.

"ಸರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಪ್ರೋಗ್ರಾಂ ಬರೆಯೋ ಲಾಗ್ ಫೈಲಿಂದ ಎಲ್ಲರೂ ಬಳಸೋ ಡಿಸ್ಕ್ ತುಂಬಿ, ನನ್ನ ಲೆಕ್ಕ ಅರ್ಧಕ್ಕೇ ನಿಂತುಹೋಯ್ತು."

"ಅಯ್ಯೋ, ಹೌದೇನಮ್ಮಾ?"

"ನೂರಾರು ಪ್ರೊಸೆಸರ್ ಒಟ್ಟಿಗೆ ಕೆಲಸ ಮಾಡ್ತವೆ. ಒಂದೊಂದೂ 'ಇದು ಮಾಡ್ದೆ, ಅದು ಮಾಡ್ದೆ' ಅಂತ ಹರಟೆ ಹೊಡೆದ್ರೆ ಹೇಗೆ? ಅವು ಎಷ್ಟು ಮಾತಾಡ್ಬೇಕು ಅಂತ ಹೇಳೋ ಎನ್ವಿರಾನ್‌ಮೆಂಟ್ ವೇರಿಯಬಲ್ ಸೊನ್ನೆಗೆ ಇಳಿಸಿ, ಎಲ್ಲಾ ತೆಪ್ಪಗಾಗ್ತವೆ."

"ಗೊತ್ತು. ಬೇಕೂಂತಲೇ ಜಾಸ್ತಿ ಇಟ್ಟಿದ್ದೆ."

"ಏನಾದ್ರೂ ತಪ್ಪು ಹುಡುಕ್ತಿದ್ರಾ?"

"ಇಲ್ಲಮ್ಮ. ನಮ್ಮ ತಂಡದವರನ್ನೆಲ್ಲ ಬೇರೆ ಕಡೆ ಹಾಕಿದ್ಮೇಲೆ ರೂಮಲ್ಲಿ ನಾನೊಬ್ನೇ. ಪರದೆ ಮೇಲೆ ಸಾಲುಗಳು ಓಡ್ತಿದ್ರೆ ಯಾರೋ ಇದ್ದಾರೆ ಅನ್ಸುತ್ತೆ."

ಅವಳು ಅವರ ಕಡೆ ತಿರುಗಿ ನಿಂತಳು.

"ಈಗ್ಲೇ ಹೋಗಿ ಇಳಿಸ್ತೀನಿ ಬಿಡು."

"ಪೂರ್ತಿ ಸೊನ್ನೆ ಬೇಡ ಸರ್. ಒಂದಕ್ಕಿಡಿ, ತಪ್ಪಾದ್ರೆ ಮಾತ್ರ ಹೇಳುತ್ತೆ."

"ತಪ್ಪೇ ಆಗದಿದ್ರೆ?"

"ನಾಳೆಯಿಂದ ನಿಮ್ಮ ರೂಮಲ್ಲೇ ಕೂತು ಕೆಲಸ ಮಾಡ್ಲಾ?"

"ಕುರ್ಚಿಗಳನ್ನೂ ಒಯ್ದುಬಿಟ್ರಮ್ಮ."

"ನಂದೇ ಉರುಳಿಸ್ಕೊಂಡು ಬರ್ತೀನಿ."

ಮೇಲೆ ಹೋಗುವ ಲಿಫ್ಟ್ ಬಂತು, ಇಬ್ಬರೂ ಹತ್ತಿದರು. ನಾನು ಕೆಳಗೆ ಹೋಗಬೇಕಿತ್ತು. ಬಾಗಿಲು ಮುಚ್ಚುವಾಗಲೂ ಅವರು ಹೇಳುತ್ತಲೇ ಇದ್ದರು: "ಕಿಟಕಿ ಪಕ್ಕ ಜಾಗ ಇದೆ, ಬೆಳಕು ಚೆನ್ನಾಗಿ ಬರುತ್ತೆ, ಫ್ಯಾನೂ ಹತ್ರ…"