ತೊರಕೆ ಮೀನಿನ ಡ್ಯಾನ್ಸ್

ಯಾರದ್ದು ಆಕ್ಟಿಂಗು, ಯಾರದ್ದು ನಿಜ ಅಂತ ಒಂದೇ ನೋಟಕ್ಕೆ ಹೇಳೋ ಗಂಡು ಕಣ್ರೀ ನಾನು! ನಿನ್ನೆ ಬಂದಿದ್ದ ಅಕ್ವೇರಿಯಂಗೇ ಇವತ್ತೂ ಬಂದು ಟಿಕೆಟ್ ಕ್ಯೂನಲ್ಲಿ ನಿಂತಿದ್ದೆ. ಪಕ್ಕದಲ್ಲೇ ಮೀನಿನ ಡಾಕ್ಟರಮ್ಮ ಓನರ್‌ಗೆ ನೀರಿಳಿಸ್ತಿದ್ರು.

"ಕಿವಿರಿನ ಲೋಳೆ ಮೈಕ್ರೋಸ್ಕೋಪಲ್ಲಿ ನೋಡ್ದೆ, ಬರೀ ಹುಳ! ಹೊಸ ತೊರಕೆ, ಆ ಚಪ್ಪಟೆ ಸ್ಟಿಂಗ್‌ರೇ ಮೀನು, ಒಂದು ತಿಂಗಳು ಬೇರೆ ತೊಟ್ಟೀಲಿರ್ಲಿ ಅಂದಿದ್ನಲ್ಲ?"

"ರಜೆ ರಶ್ಶು ಮೇಡಂ, ನೇರ ದೊಡ್ಡ ತೊಟ್ಟಿಗೇ ಬಿಟ್ಬಿಟ್ಟೆ... ಔಷಧಿ ಹಾಕಿದೀನಿ. ಬೇರೆ ಮೀನಿಗೆ ಹಾಕೋ ತಾಮ್ರದ್ದೇ."

"ಎಲ್ರಿಗೂ ಒಂದೇ ಕಷಾಯನಾ? ತೊರಕೆಗೆ ತಾಮ್ರ ವಿಷ ಕಣ್ರೀ! ಹುಳಕ್ಕಿಂತ ಮೊದ್ಲು ಮೀನೇ ಹೋಗುತ್ತೆ!"

"ನಿನ್ನೆಯಿಂದ ಮೇಲೆ ಬಂದು ರೆಕ್ಕೆ ಬಡೀತಾ ಆಟ ಆಡ್ತಿದೆ ಮೇಡಂ."

"ಆಟ ಅಲ್ಲ, ಅದಕ್ಕೆ ಉಸಿರು ಸಿಗ್ತಿಲ್ಲ! ನಡೀರಿ, ಮೊದ್ಲು ನೀರು ಬದಲಾಯಿಸಿ. ಹುಳದ ಔಷಧಿ ನಾನೇ ಕೊಡ್ತೀನಿ."

ಇಬ್ರೂ ಒಳಗೆ ಓಡಿದ್ರು.

ನಿಜ ಹೇಳ್ಲಾ? ನಿನ್ನೆ ಅದು ಹಂಗೆ ಒದ್ದಾಡ್ತಿದ್ದಾಗ "ಡ್ಯಾನ್ಸ್ ನೋಡ್ರೋ!" ಅಂತ ವಿಡಿಯೋ ಮಾಡಿ ಶಿಳ್ಳೆ ಹೊಡೆದವನು ನಾನೇ.