ತಾರೀಕು ಇಲ್ಲದ ಕ್ರಯಪತ್ರ

ನಗಬೇಡಿ. ಸಲೂದ್ ನನ್ನ ಚಿಕ್ಕಮ್ಮನ ಮಗಳು. ಇದೇ ಬಟಾಂಗಸ್‌ನಲ್ಲಿ, ಆ ಬಲೇತೆ ಆಲದ ಕೆಳಗೇ ನಡೆದದ್ದು.

ಒಂಬತ್ತು ವರ್ಷದ ಹಿಂದೆ ಅವಳು ಬಸಿಲ್ಯಾ ಅಜ್ಜಿಯ ಮನೆ ಕೊಂಡಳು. ದುಡ್ಡು ಪೂರಾ ಕೊಟ್ಟಳು. ಅಜ್ಜಿ ಕ್ರಯಪತ್ರಕ್ಕೆ ಸಹಿ ಹಾಕಿ, ತಾರೀಕಿನ ಜಾಗ ಖಾಲಿ ಬಿಟ್ಟಳು. ತಾರೀಕು ಬಿದ್ದರೆ ತೆರಿಗೆ ಕಟ್ಟಬೇಕಲ್ಲ, ಅದಕ್ಕೆ ನಮ್ಮಲ್ಲಿ ಎಲ್ಲರೂ ತೋರಿಸುವ ಜಾಣತನ ಇದು. "ನೀನು ಯಾವತ್ತು ಹೇಳ್ತೀಯೋ ಅವತ್ತು ನಾನೇ ಕೈಯಾರೆ ಬರೀತೀನಿ ಮಗಾ" ಅಂದಿದ್ದಳು ಅಜ್ಜಿ. ಸಲೂದ್ ಇವತ್ತು ನಾಳೆ ಅಂತ ತಳ್ಳಿದಳು. ಅಜ್ಜಿ ತೀರಿಕೊಂಡಳು.

ಅಜ್ಜಿಗೆ ಚಪ್ಪಲಿ ಹಾಕದೆ ಬರಿಗಾಲಲ್ಲೇ ಮಣ್ಣು ಮಾಡಿದೆವು, ರಾತ್ರಿ ಅವಳ ಹೆಜ್ಜೆ ಸಪ್ಪಳ ಕೇಳಬಾರದು ಅಂತ. ಅವಳ ಕೈಯಲ್ಲಿಟ್ಟ ನೀಲಿ ಗಾಜಿನ ಜಪಮಾಲೆಯ ದಾರವನ್ನೂ ಕತ್ತರಿಸಿದೆವು, ಸಾವಿನ ಹಿಂದೆ ಸಾವು ಬರಬಾರದು ಅಂತ. ಕತ್ತರಿ ಹಿಡಿದವಳು ನಾನೇ.

ಮರುವಾರವೇ ಅಜ್ಜಿಯ ಮಗಳು ನಿಯೆವೆಸ್ ಬಂದು, ಮನೆ ಅಮ್ಮನ ಹೆಸರಲ್ಲಿದೆ, ಖಾಲಿ ಮಾಡು ಅಂದಳು.

ಸಲೂದ್ ವಕೀಲ ಗತ್ದುಲಾನ ಹತ್ತಿರ ಓಡಿದಳು. ಅವನು ಕಾಗದವನ್ನು ದೀಪಕ್ಕೆ ಹಿಡಿದ.

"ಸಹಿ ಅಜ್ಜೀದೇ. ಕೋರ್ಟಲ್ಲಿ ನಿನಗೆ ಇದೊಂದೇ ಆಸರೆ. ತಾರೀಕಿನ ಜಾಗ ಮಾತ್ರ ಮುಟ್ಬೇಡ. ಸತ್ತ ಮೇಲಿನ ತಾರೀಕು ಬಿತ್ತೋ, ಖೋಟಾ ಅಂತಾರೆ. ಮುಗೀತು."

"ಪೆನ್ನೇ ಹಿಡಿಯಲ್ಲ ವಕೀಲ್ರೇ."

"ಒಂಬತ್ತು ವರ್ಷ ಹಿಡಿದಿಲ್ಲ, ಈಗೆಲ್ಲಿ ಹಿಡೀತೀಯ."

ಹೊರಟಾಗ ರಾತ್ರಿ ಹತ್ತು ದಾಟಿತ್ತು. ಬಲೇತೆ ಮರ ಬಂತು. "ದಾಟ್ಕೋತೀನಿ ಹಿರಿಯರೇ, ದಾರಿ ಬಿಡಿ" ಅಂತ ಮರದಲ್ಲಿರುವ ಕಾಣದವರಿಗೆ ಪಿಸುಗುಟ್ಟಿ ಹೆಜ್ಜೆ ಇಟ್ಟಳು.

ಟಿಕ್.

ಗಾಜಿನ ಮಣಿ ಸಿಮೆಂಟಿಗೆ ಬಿದ್ದ ಸದ್ದು. ನಿಂತಳು... ಏನಿಲ್ಲ. ನಡೆದಳು. ಟಿಕ್... ಟಿಕ್... ಒಂದು ಉರುಳಿ ಬಂದು ಹಿಮ್ಮಡಿಗೆ ತಗಲಿತು. ಹೆಜ್ಜೆ ಸಪ್ಪಳ ಮಾತ್ರ ಇಲ್ಲ.

"ಸಲೂದ್... ಕಾಗದ ತಂದ್ಯಾ?"

ಅವಳು ತಿರುಗಲಿಲ್ಲ. "ಬೇಡ ಅಜ್ಜಿ. ದಮ್ಮಯ್ಯ, ಬರೀಬೇಡ."

"ಮಾತು ಕೊಟ್ಟಿದ್ದೆ ಮಗಾ."

ಕಿವಿಯ ಹತ್ತಿರವೇ... ಆಮೇಲೆ ಪೆನ್ನು ಕಾಗದ ಕೆರೆಯುವ ಸದ್ದು. ಸರ್... ಸರ್... ಅವಳು ಎದೆಗೆ ಅವಚಿಕೊಂಡಿದ್ದ ಚೀಲದ ಒಳಗಿಂದ.

ಮನೆಗೆ ಬಂದು ಬಿಡಿಸಿ ನೋಡಿದಳು. ಅವತ್ತಿನ ತಾರೀಕು. ಅಜ್ಜಿಯದೇ ದುಂಡನೆಯ ಬರಹ. ಶಾಯಿ ಇನ್ನೂ ಒದ್ದೆ.

ಕೋರ್ಟಿಗೆ ಕೊಡಲು ಬೇರೆ ಕಾಗದ ಇರಲಿಲ್ಲ. ಕೈಬರಹ ಪರೀಕ್ಷೆ ಮಾಡುವವರನ್ನು ನಿಯೆವೆಸಳೇ ಕರೆಸಿದಳು. ಅವರೂ ಅಜ್ಜಿಯ ಕೈಬರಹವೇ ಅಂದರು. ನ್ಯಾಯಾಧೀಶರು, ಸತ್ತವರು ಬರೆಯುವುದಿಲ್ಲ ಅಂದರು. ಕಾಗದ ಹೋಯಿತು, ಮನೆ ಹೋಯಿತು. ಈಗ ಅಲ್ಲಿ ಗೋಡೆ ಕೂಡ ಇಲ್ಲ. ನನಗೆ ಅಜ್ಜಿಯ ಮೇಲೆ ಸಿಟ್ಟು ಬರುತ್ತದೆ, ಆದರೆ ಬೈಯಲು ಬಾಯಿ ಬರುವುದಿಲ್ಲ. ಕೊಟ್ಟ ಮಾತು ಉಳಿಸಿಕೊಂಡವಳು ಅವಳೊಬ್ಬಳೇ.

ಸಲೂದ್ ಈಗ ನಮ್ಮ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಕೆಲವು ರಾತ್ರಿ ಬಾಗಿಲ ಹೊರಗೆ... ಟಿಕ್. "ಸಲೂದ್... ಇನ್ನೆಲ್ಲಿ ಬರೀಲಿ?" ನಾನೂ ಕೇಳಿದ್ದೇನೆ.

ನಂಬದಿದ್ದರೆ ಬಿಡಿ. ಹೊಸ್ತಿಲಲ್ಲಿ ಸಿಕ್ಕ ಮಣಿಗಳನ್ನು ಕಾಫಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಅದೇ ನೀಲಿ ಗಾಜು. ಜಪಮಾಲೆಗೆ ಇರುವುದು ಐವತ್ತೊಂಬತ್ತೇ ಮಣಿ. ನಿನ್ನೆ ಎಣಿಸಿದೆ... ಅರವತ್ತಮೂರು.