ಎರಡು ಕಂಪನಿ, ಒಂದು ಮನೆ

ಚೀನಾದ ಡೊಂಗ್ವಾನ್‌ನ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಗಂಡ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದರು. ಇಬ್ಬರದೂ ಮೊಬೈಲ್ ಜೋಡಿಸುವ ಕೆಲಸ, ಆದರೆ ಎದುರಾಳಿ ಕಂಪನಿಗಳಲ್ಲಿ.

"ನಿಮ್ಮವರು ಮತ್ತೆ ಮೊಬೈಲಿಗೆ ಇನ್ನೂರು ಯುವಾನ್ ಬೆಲೆ ಇಳಿಸಿದ್ರಲ್ಲ, ನಮ್ಮಲ್ಲಿ ಕೆಲಸಾನೇ ಇಲ್ಲ," ಎಂದಳು ಹೆಂಡತಿ.

"ನಾನೇನ್ ಮಾಡ್ಲಿ ಶೂಲಾನ್, ಬೆಲೆ ಕಟ್ಟೋನು ನಾನಾ?"

"ಸ್ಕ್ರೂ ಬಿಗಿಯೋದಾದ್ರೂ ನಿಧಾನ ಮಾಡು ಮಾರಾಯ!"

"ಹೋದ್ವರ್ಷ ನಿಮ್ಮವರು ಇಳಿಸಿದಾಗ ನಾನೂ ಮನೇಲಿ ಕೂತು ಕಡುಬು ಬೇಯಿಸ್ಲಿಲ್ವಾ?"

"ಬೇಯಿಸ್ದೆ. ಉಪ್ಪೇ ಇರ್ಲಿಲ್ಲ."

ಅವನು ನಗಲಿಲ್ಲ. "ನಿನ್ನನ್ನೂ ತೆಗೀತಾರಾ?"

"ಇವತ್ತು ಪಟ್ಟಿ ಹಾಕ್ತಾರೆ."

"ಹೆಸರಿದ್ರೆ ಸೀದಾ ನಮ್ಮ ಗೇಟಿಗೆ ಬಾ. ಕೆಲಸಕ್ಕೆ ಜನರನ್ನ ತಗೋತಿದಾರೆ."

"ಬೇಡಪ್ಪ. ಇಬ್ರೂ ಒಂದೇ ಕಡೆ ಇದ್ದು ಅದು ಸೋತ್ರೆ, ಅವತ್ತು ಒಲೆ ಹಚ್ಚೋರ್ಯಾರು? ನಾನು ಮೂರನೇ ಕಂಪನಿ ಹುಡುಕ್ತೀನಿ."

ಅವಳ ಬಸ್ಸು ಬಂತು. ಅವಳು ಹತ್ತುವಾಗ ಅವನು ಅವಳ ಜಾಕೆಟ್ಟಿನ ಕಾಲರು ಸರಿಮಾಡಿ, ತನ್ನ ಬಸ್ಸಿನ ಕಡೆ ಓಡಿದ.